ಡಾನ್ ಕ್ವಿಕ್ಸೋಟನ ಓದುಗರು

1605ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಅಚ್ಚಾಗಿ ಹೊರಬಿದ್ದ ಸರ್ವಾಂಟಿಸನ 'ಡಾನ್ ಕ್ವಿಕ್ಸೋಟ್' ಕಾದಂಬರಿಯನ್ನು ಅಂದಿನ ಸ್ಪೇನಿನ ಜನ ಕೈಗೆತ್ತಿಕೊಂಡದ್ದು ಹೊಟ್ಟೆ ಹುಣ್ಣಾಗುವಂತೆ ನಗುವುದಕ್ಕೇ ಹೊರತು, ಮಾನವಜೀವಿತದ ಗೂಢಾರ್ಥವನ್ನು ಅದರಲ್ಲಿ ಶೋಧಿಸುವುದಕ್ಕಲ್ಲ. ವೀರಯೋಧರ ಅದ್ಭುತಕಥೆಗಳನ್ನು ಹಗಲಿರುಳೆನ್ನದೆ ಓದಿ ಬುದ್ಧಿ ಕೆಡಿಸಿಕೊಂಡು, ಮುತ್ತಾತಂದಿರ ತುಕ್ಕು ಹಿಡಿದ ಕವಚವನ್ನು ತೊಟ್ಟು, ಬಡಕಲು ಕುದುರೆಯನ್ನೇರಿ, ಗಾಳಿಯಂತ್ರಗಳನ್ನೇ ರಾಕ್ಷಸರೆಂದು ಬಗೆದು ಭರ್ಜಿ ಹಿಡಿದು ನುಗ್ಗುವ ಐವತ್ತರ ಸಮೀಪದ ಆ ಗ್ರಾಮಸ್ಥನು ಅವರ ಪಾಲಿಗೆ ಶುದ್ಧ ವಿದೂಷಕನಾಗಿದ್ದನು. ಅದೇ ವರ್ಷ ವಲ್ಲಡೋಲಿಡ್ ಪಟ್ಟಣದ ಉತ್ಸವದಲ್ಲಿ ಅವನ ವೇಷ ಕಾಣಿಸಿಕೊಂಡಿತು; ಎರಡೇ ವರ್ಷಗಳಲ್ಲಿ ಸಾಗರದಾಚೆಯ ಪೆರುವಿನ ಪೌಸಾ ಎಂಬ ಊರಿನಲ್ಲಿಯೂ ಜನ ಆ ವೇಷವನ್ನು ಕಟ್ಟಿ ಕುಣಿಸಿದರು.

ಆದರೆ ಆ ನಗೆಯೊಳಗೆ ಆಗಲೇ ಒಂದು ಸಣ್ಣ ಮುಳ್ಳು ಆಡುತ್ತಿತ್ತೆಂಬುದಕ್ಕೆ ಗ್ರಂಥಕರ್ತನೇ ಸಾಕ್ಷಿ. 1615ರ ಎರಡನೆಯ ಭಾಗದಲ್ಲಿ, ಸಲಮಾಂಕಾ ವಿಶ್ವವಿದ್ಯಾಲಯದಿಂದ ಊರಿಗೆ ಬಂದ ಪದವೀಧರ ಕರಾಸ್ಕೊ, ನಾಯಕನಿಗೆ ಅವನದೇ ಕಥೆ ಅಚ್ಚಾಗಿರುವ ಸುದ್ದಿಯನ್ನು ಹೇಳುತ್ತಾನೆ. ಒಬ್ಬರಿಗೆ ಗಾಳಿಯಂತ್ರದ ಪ್ರಸಂಗ ಮೆಚ್ಚಾದರೆ ಮತ್ತೊಬ್ಬರಿಗೆ ಬೇರೊಂದು, ಆದರೆ ನಾಯಕನು ತಿಂದ ಪೆಟ್ಟುಗಳಲ್ಲಿ ಕೆಲವನ್ನಾದರೂ ಬಿಟ್ಟಿದ್ದರೆ ಒಳ್ಳೆಯದಿತ್ತೆಂದು ಕೆಲವು ಓದುಗರು ಎನ್ನುತ್ತಿದ್ದಾರೆಂದೂ ತಿಳಿಸುತ್ತಾನೆ. ಪೆಟ್ಟಿನಲ್ಲಿ ಪಾಲುಗಾರನಾಗಿದ್ದ ಸೇವಕ ಸ್ಯಾಂಕೋ, ಕಥೆಯ ಸತ್ಯವಿರುವುದೇ ಅಲ್ಲಿ ಎಂದರೆ, ಯಜಮಾನನು ನ್ಯಾಯವಾಗಿ ಅವನ್ನು ಕೈಬಿಡಬಹುದಾಗಿತ್ತೆಂದು ಗೊಣಗುತ್ತಾನೆ. ಮುಂದಿನ ಮುನ್ನೂರು ವರ್ಷಗಳ ವಿಮರ್ಶೆಯೆಲ್ಲ ಬಹುಮಟ್ಟಿಗೆ ಈ ಮೂವರ ಹರಟೆಯ ವಿಸ್ತಾರವೆಂದೇ ನನಗೆ ತೋರುತ್ತದೆ.

ಪೆಟ್ಟು ತಿನ್ನುವವನ ಕಡೆಗೆ ಓದುಗರು ಬಹಿರಂಗವಾಗಿ ವಾಲಿದ್ದು ಜರ್ಮನಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಿನಲ್ಲಿ ಟೀಕ್ ಕವಿಯ ಭಾಷಾಂತರ ಪ್ರಕಟವಾಗಿ, ಅಲ್ಲಿನ ರಮ್ಯಪಂಥದವರು ಆ ಹುಚ್ಚನಲ್ಲಿ ಆದರ್ಶಕ್ಕೂ ವಾಸ್ತವಕ್ಕೂ ನಡೆಯುವ ನಿತ್ಯಕಲಹವನ್ನು ಕಂಡ ಕಾಲ ಅದು. ಹೈನೆ ಕವಿ 1837ರ ತನ್ನ ಪೀಠಿಕೆಯಲ್ಲಿ ಬಾಲ್ಯದ ಓದನ್ನು ನೆನೆದಿದ್ದಾನೆ: ಡ್ಯೂಸೆಲ್‌ಡಾರ್ಫಿನ ಅರಮನೆಯ ತೋಟದ ಕಲ್ಲುಬೆಂಚಿನ ಮೇಲೆ ಕುಳಿತು, ಒಂದೊಂದು ಪದವನ್ನೂ ಗಟ್ಟಿಯಾಗಿ ಉಚ್ಚರಿಸಿಕೊಂಡು ಓದುತ್ತಿದ್ದ, ವ್ಯಂಗ್ಯವೆಂಬುದೊಂದು ಉಂಟೆಂಬುದನ್ನೇ ಅರಿಯದ ಆ ಹುಡುಗನು, ನಾಯಕನು ಏಟು ತಿಂದಾಗಲೆಲ್ಲ ಕಣ್ಣೀರಿಟ್ಟನಂತೆ.

ಸ್ಪೇನಿಗೆ ಈ ಕಣ್ಣೀರು ತಡವಾಗಿ ಬಂದಿತು, ಆದರೆ ಕಾರಣವಿದ್ದೇ ಬಂದಿತು. 1898ರಲ್ಲಿ ಅಮೆರಿಕದೊಡನೆ ಸೋತು ಕ್ಯೂಬಾ, ಫಿಲಿಪ್ಪೀನ್ಸ್‌ಗಳನ್ನು ಕಳೆದುಕೊಂಡ ರಾಷ್ಟ್ರಕ್ಕೆ ಸೋತರೂ ತಲೆಬಾಗದ ಯೋಧನೊಬ್ಬ ಬೇಕಾಗಿದ್ದನು. ಕರಾಸ್ಕೊ ಓದಿದ ಸಲಮಾಂಕಾದಲ್ಲಿಯೇ ಆಗ ಕುಲಪತಿಯಾಗಿದ್ದ ಉನಮುನೊ, 1905ರ ತನ್ನ ವ್ಯಾಖ್ಯಾನದಲ್ಲಿ ಅವನನ್ನು ಶ್ರದ್ಧಾವಂತ ಸಂತನ ಪೀಠಕ್ಕೇ ಏರಿಸಿ, ಸರ್ವಾಂಟಿಸನಿಗೆ ತನ್ನ ನಾಯಕನ ದೊಡ್ಡಸ್ತಿಕೆ ತಿಳಿಯದೆಂದುಬಿಟ್ಟನು. ಭಕ್ತಿಯ ಭರದಲ್ಲಿ ಆಡಿದ ಮಾತಿದು. ಇದನ್ನು ಒಪ್ಪುವುದು ನನ್ನಿಂದಾಗದು. ನಾಯಕನನ್ನು ತನ್ನವನೆಂದು ಕಸಿದುಕೊಂಡ ಓದುಗನು ಇವನೊಬ್ಬನೇ ಅಲ್ಲವಷ್ಟೆ. 1614ರಲ್ಲಿಯೇ ಅವೆಲ್ಯನೇಡ ಎಂಬ ಹುಸಿಹೆಸರಿನವನೊಬ್ಬನು ಕಥೆಯ ನಕಲಿ ಮುಂದುವರಿಕೆಯನ್ನು ಅಚ್ಚು ಹಾಕಿಸಿದ್ದನು. ಸರ್ವಾಂಟಿಸನ ನಾಯಕನು ದಾರಿಯ ಛತ್ರವೊಂದರಲ್ಲಿ ಪಕ್ಕದ ಕೋಣೆಯವರು ಆ ಪುಸ್ತಕವನ್ನು ಓದುವುದನ್ನು ಕೇಳಿ, ತನಗೆ ಡುಲ್ಸಿನಿಯಳ ಮೇಲೆ ಪ್ರೇಮ ಆರಿಹೋಯಿತೆಂದು ಅದರಲ್ಲಿ ಬರೆದಿರುವುದನ್ನು ತಿಳಿದು ಕನಲುತ್ತಾನೆ. ನಕಲಿಯವನು ತನ್ನನ್ನು ಜರಗೋಜಾಕ್ಕೆ ಕಳುಹಿಸಿದ್ದಾನೆಂಬ ಒಂದೇ ಕಾರಣಕ್ಕೆ, ಅಲ್ಲಿಗೇ ಹೊರಟಿದ್ದವನು ಪಯಣವನ್ನು ಬಾರ್ಸಿಲೋನಾದ ಕಡೆಗೆ ತಿರುಗಿಸುತ್ತಾನೆ.