ಎಷ್ಟು ದಿನದ ಬಿಡಾರ?

ಒಂದು ಜಾಗದಲ್ಲಿ ಎಷ್ಟು ದಿನ ಇರಬೇಕು ಎಂಬ ಲೆಕ್ಕ ಈಗ ಬಹುಪಾಲು ಪ್ರವಾಸಿಗರದು. ಬೆನ್ನಿಗೆ ಮರುಭೂಮಿ, ಎದುರಿಗೆ ಕೆಂಪು ಸಮುದ್ರ ಇರುವ ಹುರ್ಘಾದಾದಂಥ ವಿಹಾರಧಾಮಕ್ಕೆ ಹೊರಟವರು ಮೂರು ರಾತ್ರಿ ಸಾಕೋ ಏಳು ಬೇಕೋ ಎಂದು ತೂಗಿ ನೋಡುತ್ತಾರೆ. ಲೆಕ್ಕ ತಪ್ಪಿದರೆ ಹೋಗುವುದು ಸ್ವಲ್ಪ ದುಡ್ಡು, ಸ್ವಲ್ಪ ಬೇಸರ. ಕೃಷ್ಣೆ–ತುಂಗಭದ್ರೆಯರ ನಡುವಿನ ರಾಯಚೂರು ದೋಆಬಿನಲ್ಲಿ ಇದೇ ಲೆಕ್ಕ ಸುಮಾರು ನಾಲ್ಕು ಸಾವಿರ ವರ್ಷಗಳಿಂದ ಹೊಟ್ಟೆಪಾಡಿನ ಲೆಕ್ಕವಾಗಿ ನಡೆದುಬಂದಿದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದೂ ನಂಬಿ ಕೂರಲಾಗದ ಮಳೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಹಸಿ ಇದ್ದಾಗ ಜೋಳ ಕೊಟ್ಟು, ಹಸಿ ಆರಿದ ಮೇಲೆ ಬಿರುಕು ಬಿಡುವ ಎರೆ ಹೊಲ. ಇಂಥ ನೆಲದಲ್ಲಿ ಊರೆಂದರೆ ವರ್ಷಪೂರ್ತಿ ಕೂತ ಜನ, ಬಿಟ್ಟು ಹೋಗುವವರೆಲ್ಲ ಕೆಟ್ಟು ಹೊರಟವರು ಎಂಬ ತಿಳಿವಳಿಕೆ ಚರಿತ್ರೆಗೆ ಒಪ್ಪುವಂಥದ್ದಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಿಂದಿನದನ್ನು ಕೂಡಿಸಿ ನೋಡಿದರೆ, ಇಲ್ಲಿ ಬಾಳಿಕೆ ಬಂದದ್ದು ಮನೆಯ ಒಂದು ಪಾಲನ್ನು ನಿಲ್ಲಿಸಿ ಇನ್ನೊಂದು ಪಾಲನ್ನು ನಡೆಸುವ ಪದ್ಧತಿ. ಎಷ್ಟು ದಿನ ಇರಬೇಕೆಂಬುದನ್ನು ನೆಲ ಬಲ್ಲವರ ಬದಲು ಹೊರಗಿನವರು ಗೊತ್ತುಮಾಡಿದಾಗೆಲ್ಲ ಅದು ಕೆಟ್ಟಿದೆ.

ಮೊದಲ ಸಾಕ್ಷಿ ಬೂದಿ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿ ಅಲ್ಲಲ್ಲಿ ಬೂದಿದಿಬ್ಬಗಳಿವೆ. ಕುಡತಿನಿಯ ದಿಬ್ಬ ಅವುಗಳಲ್ಲಿ ಹೆಸರಾದದ್ದು. ಸುಟ್ಟು ಕರಗಿ ಗಟ್ಟಿಯಾದ ಈ ರಾಶಿಗಳನ್ನು ಜನ ರಾಕ್ಷಸರ ಮೂಳೆ ಸುಟ್ಟ ಜಾಗವೆಂದು ಕರೆದರು. ಅದು ದನದ ಸಗಣಿಯ ಬೂದಿ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ವಾದಿಸಿದವರು ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್. ಇಪ್ಪತ್ತನೆಯ ಶತಮಾನದ ನಡುವೆ ಝಾಯ್ನರ್ ಮಾಡಿದ ಪರೀಕ್ಷೆ ಅದನ್ನು ಗಟ್ಟಿಮಾಡಿತು. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದ ಎಫ್. ಆರ್. ಆಲ್ಚಿನ್ ಮುಂದೆ ಉತ್ನೂರಿನ ದಿಬ್ಬವನ್ನೂ ಅಗೆದರು. ಅಲ್ಲಿ ಸುತ್ತ ಗೂಟ ನೆಟ್ಟು ಕಟ್ಟಿದ ದನದ ದೊಡ್ಡಿಯ ಗುರುತು, ಒಳಗೆ ಗೊರಸಿನ ಗುರುತು, ಮೇಲಿಂದ ಮೇಲೆ ಬೆಂಕಿ ಇಟ್ಟ ಪದರಗಳು ಸಿಕ್ಕವು. ದನಗಾಹಿಗಳು ಹುಲ್ಲು–ನೀರು ಇರುವ ತನಕ ಅಲ್ಲಿ ಬೀಡುಬಿಟ್ಟು, ಋತು ತಿರುಗಿದಾಗ ಸಗಣಿಗೆ ಬೆಂಕಿ ಹಚ್ಚಿ ಹೊರಡುತ್ತಿದ್ದರು, ಮತ್ತೆ ಬರುತ್ತಿದ್ದರು ಎಂಬುದು 1963ರಲ್ಲಿ ಬಂದ ಅವರ ಪುಸ್ತಕದ ವಾದ. ಹಾಗಾದರೆ ಈ ಸೀಮೆಯ ಅತಿ ಹಳೆಯ ಕಟ್ಟಡಗಳಲ್ಲಿ ಒಂದು ಹೊರಟುಹೋದದ್ದರಿಂದಲೇ ಬೆಳೆದದ್ದು. ಒಂದೊಂದು ಪದರವೂ ಮುಗಿದ ಒಂದೊಂದು ಬಿಡಾರ.

ಇದಕ್ಕೆ ಗಟ್ಟಿಯಾದ ಆಕ್ಷೇಪವೂ ಬೂದಿದಿಬ್ಬದಿಂದಲೇ ಬಂದಿದೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಹಲವು ವರ್ಷ ನಡೆಸಿದ ಉತ್ಖನನದಲ್ಲಿ ದಿಬ್ಬದ ಮಗ್ಗುಲಲ್ಲೇ ಮನೆಗಳ ಗುರುತು, ಮಕ್ಕಳ ಸಮಾಧಿ, ದನ ಕೊಯ್ದು ಹಂಚುತ್ತಿದ್ದ ನೆಲ ಕಂಡವು. ಅಂದರೆ ಅದು ಬರಿಯ ಬಂದುಹೋಗುವ ದೊಡ್ಡಿಯಾಗಿರದೆ ತಲೆಮಾರು ಕಂಡ ಊರು. ಆಲ್ಚಿನ್ನರ ಋತುಮಾನದ ಬೀಡಿನ ಚಿತ್ರಕ್ಕೆ ಇದು ಪೆಟ್ಟು, ನಿಜ. ಆದರೆ ಊರಿತ್ತು ಎಂದ ಮಾತ್ರಕ್ಕೆ ಎಲ್ಲರೂ ವರ್ಷವಿಡೀ ಊರಲ್ಲಿದ್ದರು ಎಂದಾಗುವುದಿಲ್ಲ. ಅಷ್ಟು ಸಗಣಿ ಹಾಕುವ ದನ ಬೇಸಿಗೆಯಲ್ಲಿ ಒಂದೇ ಊರ ಸುತ್ತಿನ ಹುಲ್ಲಿನಲ್ಲಿ ಬದುಕುವುದು ಈ ಮಳೆಯಲ್ಲಿ ಕಷ್ಟ. ಕೂಸು, ಮುದುಕರು, ಕಾಳಿನ ಗಡಿಗೆ ಒಂದೆಡೆ. ದನ ಮತ್ತು ದನ ಕಾಯುವ ಕಾಲು ಇನ್ನೊಂದೆಡೆ ಎಂದು ಓದಿದರೆ ಎರಡೂ ಸಾಕ್ಷ್ಯ ಹೊಂದುತ್ತವೆ. ನೆಲೆ ನಿಂತವರೋ ಅಲೆಮಾರಿಗಳೋ ಎಂದು ಕೇಳುವುದಕ್ಕಿಂತ, ಒಂದು ಮನೆಯಲ್ಲಿ ಯಾರು ಎಷ್ಟು ದಿನ ನಿಲ್ಲುತ್ತಿದ್ದರು ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಮಸ್ಕಿಯನ್ನು ಮುಂದಿಟ್ಟು ಎರಡನೆಯ ಆಕ್ಷೇಪ ಎತ್ತಬಹುದು. 1954ರಲ್ಲಿ ಬಿ. ಕೆ. ಥಾಪರ್ ಅಲ್ಲಿ ಅಗೆದಾಗ ಕಲ್ಲು–ತಾಮ್ರದ ಕಾಲದಿಂದ ಬೃಹತ್ ಶಿಲಾ ಸಮಾಧಿಗಳ ಕಾಲ, ಆದಿ ಇತಿಹಾಸ, ಮಧ್ಯಯುಗದವರೆಗೆ ನಾಲ್ಕು ಘಟ್ಟಗಳ ಪದರ ಸಿಕ್ಕಿತು. ಈಚಿನ ದಶಕಗಳಲ್ಲಿ ಆಂಡ್ರ್ಯೂ ಬಾವರ್, ಪೀಟರ್ ಜೋಹಾನ್ಸನ್ ತಂಡ ಸುತ್ತಲಿನ ಬೆಟ್ಟ–ಬಯಲನ್ನು ನಡೆದು ಗುರುತಿಸಿದ ನೆಲೆಗಳೂ ಇದೇ ದೀರ್ಘ ಕಾಲವನ್ನು ಹೇಳುತ್ತವೆ. ಇಷ್ಟು ಹಳೆಯ ಊರಿರುವಲ್ಲಿ ಚಲನೆಯ ಮಾತೇಕೆ? ಊರು ಉಳಿದದ್ದು ನಿಜ. ಉಳಿದದ್ದು ಹೇಗೆಂಬುದು ಪ್ರಶ್ನೆ. ಮಸ್ಕಿಗೆ ಲೋಕದ ಹೆಸರು ಬಂದದ್ದೇ ನಿಲ್ಲದೆ ನಡೆದವರಿಂದ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಬಂಡೆಯ ಬರಹದಲ್ಲಿ ‘ದೇವಾನಂಪ್ರಿಯ’ನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು, ಶಾಸನಗಳ ಆ ಅರಸ ಯಾರೆಂಬ ತರ್ಕ ಅಲ್ಲಿಗೆ ನಿಂತಿತು. ಆ ಬರಹವೇ ಕಾಲದ ಲೆಕ್ಕದಿಂದ ಶುರುವಾಗುತ್ತದೆ: ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು ಎಂದು ಅರಸ ಹೇಳಿಕೊಳ್ಳುತ್ತಾನೆ, ಈ ಸಂಗತಿ ಬಹುಕಾಲ ನಿಲ್ಲಲಿ, ಒಂದೂವರೆ ಪಟ್ಟು ಬೆಳೆಯಲಿ ಎಂದು ಮುಗಿಸುತ್ತಾನೆ. ಇದೇ ಆಜ್ಞೆಯ ಬ್ರಹ್ಮಗಿರಿ ಪಾಠದಲ್ಲಿ 256 ಎಂಬ ಅಂಕಿ ಇದೆ. ಅದನ್ನು ಶಾಸನತಜ್ಞ ಬ್ಯೂಲರ್ ಬುದ್ಧ ತೀರಿಹೋದ ಮೇಲಿನ ವರ್ಷಗಳೆಂದು ಓದಿದರು. ಮುಂದೆ ಬಂದ ಹಲವರು ಅರಮನೆಯಿಂದ ಹೊರಗೆ ಸಂಚಾರದಲ್ಲಿ ಕಳೆದ ರಾತ್ರಿಗಳೆಂದು ಓದಿದ್ದಾರೆ. ಎರಡನೆಯ ಓದು ಸರಿಯಾದರೆ, ಬಹುಕಾಲ ನಿಲ್ಲಬೇಕಾದ ಮಾತನ್ನು ಕಳಿಸಿದವನು ವರ್ಷದ ಮೂರರಲ್ಲಿ ಎರಡು ಪಾಲು ರಾತ್ರಿ ಮನೆಯಲ್ಲಿರಲಿಲ್ಲ. ಬೌದ್ಧ ಭಿಕ್ಷುಗಳ ನಿಯಮವೂ ಹಾಗೇ: ಮಳೆಗಾಲದ ಮೂರು ತಿಂಗಳು ಒಂದೆಡೆ ವಾಸ, ಉಳಿದಂತೆ ಸಂಚಾರ. ಸಂಘ ಉಳಿದದ್ದು ಈ ಎರಡರ ಹೊಂದಾಣಿಕೆಯಿಂದ.

ಹೊರಗಿನಿಂದ ಬಂದವರ ಬಿಡಾರದ ಕಥೆ ಬೇರೆ. ದೋಆಬಿಗಾಗಿ ಬಹಮನಿಗಳೂ ಅವರ ನಂತರದ ಸುಲ್ತಾನರೂ ವಿಜಯನಗರದವರೊಡನೆ ಸುಮಾರು ಎರಡು ಶತಮಾನ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ದಂಡೆತ್ತಿ ಬಂದದ್ದನ್ನು ಬರೆದ ಪೋರ್ಚುಗೀಸ್ ವರ್ತಕ ನೂನಿಜ್, ಆ ದಂಡಿನ ಜೊತೆಗೆ ಇಡೀ ಪೇಟೆಯೇ ಬಂದಿತ್ತು, ನೀರಿನ ಚರ್ಮದ ಚೀಲ ಹೊತ್ತವರನ್ನು ದಾರಿಯುದ್ದಕ್ಕೂ ನಿಲ್ಲಿಸಲಾಗಿತ್ತು ಎನ್ನುತ್ತಾನೆ. ಒಂದು ನಗರದಷ್ಟು ಜನ ಈ ನೆಲದಲ್ಲಿ ಇಳಿದರೆ ಅವರ ಬಿಡಾರಕ್ಕೆ ಗಡುವು ಇಡುವುದು ನೀರೇ ಎಂಬುದು ಆ ವ್ಯವಸ್ಥೆಯಿಂದಲೇ ಗೊತ್ತಾಗುತ್ತದೆ. ಮೂರು ಶತಮಾನ ಬಿಟ್ಟು ಲಿಂಗಸುಗೂರಿನದೂ ಬೇರೆ ಬಗೆಯ ದಂಡಿನ ಬಿಡಾರ. ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ಖರ್ಚಿನ ಬಾಕಿಗಾಗಿ ನಿಜಾಮ 1853ರಲ್ಲಿ ದೋಆಬನ್ನು ಇಂಗ್ಲಿಷರಿಗೆ ವಹಿಸಿದ. 1858ರ ಫೆಬ್ರವರಿಯಲ್ಲಿ ಸುರಪುರದ ವೆಂಕಟಪ್ಪ ನಾಯಕನ ಮೇಲೆ ಹೋದ ಸೈನ್ಯದಲ್ಲಿ ಲಿಂಗಸುಗೂರು ದಂಡಿನವರೂ ಇದ್ದರು. 1860ರಲ್ಲಿ ದೋಆಬ್ ನಿಜಾಮನಿಗೆ ಮರಳಿತು. 1903ರಲ್ಲಿ ಆ ಪಡೆಯೇ ಬ್ರಿಟಿಷ್ ಭಾರತದ ಸೇನೆಯಲ್ಲಿ ಕರಗಿತು, 1905ರಲ್ಲಿ ಲಿಂಗಸುಗೂರು ಜಿಲ್ಲೆ ಒಡೆದು ರಾಯಚೂರು, ಗುಲ್ಬರ್ಗಾಗಳಿಗೆ ಹಂಚಿಹೋಯಿತು. ದಂಡೂ ಕಚೇರಿಯೂ ಬಂದದ್ದು, ಹೋದದ್ದು ಹೈದರಾಬಾದು–ಕಲ್ಕತ್ತೆಗಳ ಲೆಕ್ಕದಿಂದ. ಅದನ್ನು ನಂಬಿ ಅಂಗಡಿ ಹಾಕಿದವರಿಗೆ ಆ ಲೆಕ್ಕದಲ್ಲಿ ಮಾತಿರಲಿಲ್ಲ. ಹಟ್ಟಿಯ ಚಿನ್ನವೂ ಹೀಗೇ. ಎರಡು ಸಾವಿರ ವರ್ಷಗಳ ಹಿಂದೆಯೇ ನೂರಾರು ಅಡಿ ಆಳಕ್ಕೆ ಇಳಿದಿದ್ದ ಗಣಿಗಾರರ ಗುಂಡಿಗಳನ್ನು ಇಂಗ್ಲಿಷ್ ಕಂಪನಿ ಮತ್ತೆ ತೋಡಿತು, ಇಪ್ಪತ್ತನೆಯ ಶತಮಾನದ ಎರಡನೆಯ ದಶಕ ಮುಗಿಯುವ ಹೊತ್ತಿಗೆ ಬಿಟ್ಟಿತು. 1947ರಲ್ಲಿ ಹೊಸ ಕಂಪನಿ ಹುಟ್ಟಿತು.

ಇವಕ್ಕೆ ಎದುರಾಗಿ ಇಡಬೇಕಾದದ್ದು ಕುರುಬರ ಪದ್ಧತಿ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬುವುದು ಉತ್ತರ ಕರ್ನಾಟಕದ ಹಳೆಯ ಒಪ್ಪಂದ. ಹೊಲದವನಿಗೆ ಹಿಕ್ಕೆ–ಗಂಜಲದ ಗೊಬ್ಬರ, ಕುರಿಗೆ ಕೊಯ್ದುಳಿದ ಕೂಳೆ, ಕುರಿಗಾರನಿಗೆ ಕಾಳು, ಈಗೀಗ ರೊಕ್ಕ. ಎಷ್ಟು ರಾತ್ರಿ ಎಂಬುದು ಹೊಲದ ಹರವು, ಹಿಂಡಿನ ತಲೆ, ಹತ್ತಿರದ ನೀರು ನೋಡಿ ಇಬ್ಬರೂ ಕೂತು ತೀರ್ಮಾನಿಸುವ ಸಂಗತಿ. ಕಡಿಮೆ ರಾತ್ರಿಯಾದರೆ ಹೊಲಕ್ಕೆ ಗೊಬ್ಬರ ಸಾಲದು. ಹೆಚ್ಚಾದರೆ ಕುರಿಗೆ ಮೇವು ಸಾಲದು. ಮಳೆ ಬಿದ್ದ ಕೂಡಲೇ ಹಿಂಡು ಗುಡ್ಡ–ಮಸಾರಿಯ ಕಡೆ ತಿರುಗುತ್ತದೆ, ಏಕೆಂದರೆ ಎರೆಯ ಕೆಸರಿನಲ್ಲಿ ಕುರಿಯ ಕಾಲು ಕೊಳೆಯುತ್ತದೆ. ಇಲ್ಲಿಯೂ ಮನೆಯೆಲ್ಲ ಹೊರಡುವುದಿಲ್ಲ. ಊರಲ್ಲಿ ಹೊಲವಿದೆ, ದೇವರಿದೆ, ಹಿರಿಯರಿದ್ದಾರೆ. ಹೊರಟವರ ಅವಧಿಯನ್ನು ಕೈ ನೀಡಿದರೆ ಸಿಗುವಷ್ಟು ಹತ್ತಿರದ ಸಂಗತಿಗಳಿಂದ ಅಳೆಯಲಾಗುತ್ತದೆ, ಅಳೆಯುವವರು ಲಾಭ–ನಷ್ಟ ಎರಡನ್ನೂ ಉಣ್ಣುವವರೇ. ಈ ಎರಡು ಗುಣದಿಂದಲೇ ಆ ಪದ್ಧತಿ ರಾಜ್ಯಗಳು ಬದಲಾದರೂ ಉಳಿಯಿತು.

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಈ ವಾದವೆಲ್ಲ ಹಳೆಯದಾಯಿತು ಎನ್ನುವವರಿದ್ದಾರೆ. 1953ರಲ್ಲಿ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಸಿಂಧನೂರು ಭತ್ತದ ಪೇಟೆಯಾಯಿತು, ಅಕ್ಕಿ ಗಿರಣಿಗಳು ಎದ್ದವು, ಬಿಟ್ಟುಹೋಗುವ ನೆಲ ಬಂದು ನೆಲಸುವ ನೆಲವಾಯಿತು. ಕರಾವಳಿ ಆಂಧ್ರದ ರೈತರು ತಮ್ಮಲ್ಲಿ ಮಾರಿ ಇಲ್ಲಿ ಜಮೀನು ಕೊಂಡು ಹಾಕಿದ ಬೀಡುಗಳು ಇಂದಿಗೂ ಕ್ಯಾಂಪುಗಳೆಂದೇ ನಡೆಯುತ್ತಿದ್ದರೂ ಅಲ್ಲಿ ಮೂರನೆಯ ತಲೆಮಾರು ಬೆಳೆದಿದೆ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಹಿಂದೂಗಳಿಗೆ ಸಿಂಧನೂರು ತಾಲೂಕಿನಲ್ಲಿ ಕೊಟ್ಟ ಪುನರ್ವಸತಿ ಕ್ಯಾಂಪುಗಳದೂ ಇದೇ ಕಥೆ. ಅಲ್ಲಿನ ಕೆಲವರಿಗೆ ಪೌರತ್ವದ ಕಾಗದ ಕೈಸೇರಿದ್ದು 2024ರಲ್ಲಿ. ಕಾಲುವೆ ಈ ಭಾಗದ ಬದುಕನ್ನು ಬದಲಿಸಿತೆಂಬುದರಲ್ಲಿ ತಕರಾರಿಲ್ಲ. ಆದರೆ ಅದೂ ಹೊರಗಿನವರು ಹಾಕಿದ ಲೆಕ್ಕವೇ, ಮೊದಲ ದಿನದಿಂದ ತಪ್ಪಿದ ಲೆಕ್ಕ. ಸುಮಾರು 227 ಕಿಲೋಮೀಟರ್ ಉದ್ದದ ಈ ಕಾಲುವೆಯನ್ನು ಯೋಜಿಸಿದ್ದು ಬರದಿಂದ ಕಾಯಲು, ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಅಲ್ಪ ನೀರಿನ ಬೆಳೆ ಎಂದು. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಮೇಲ್ಭಾಗದವರು ಭತ್ತಕ್ಕೆ ಇಳಿದರು, ಕೊನೆಭಾಗದ ಹೊಲಗಳಿಗೆ ನೀರು ತಲುಪದಾಯಿತು. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಸಿಂಧನೂರಿನ ಸ್ಥಿರತೆ ಒಂದು ಸರಪಳಿಗೆ ತೂಗಿಕೊಂಡಿದೆ ಎಂಬುದು ಎಲ್ಲರಿಗೂ ಕಂಡಿತು. ಕಾಲುವೆಯ ಊರುಗಳೂ ಚಲನೆಯಿಲ್ಲದೆ ನಡೆಯುವುದಿಲ್ಲ: ನಾಟಿಗೂ ಕೊಯ್ಲಿಗೂ ಬೇಕಾಗುವ ಕೂಲಿಯ ಕೈಗಳು ಖುಷ್ಕಿ ಹಳ್ಳಿಗಳಿಂದ ಬಂದು, ಕೆಲಸ ಮುಗಿದ ದಿನ ತಿರುಗುತ್ತವೆ.

ಆ ಖುಷ್ಕಿ ಹಳ್ಳಿಗಳ ಜನ ಲಿಂಗಸುಗೂರು–ಮಸ್ಕಿ ಕಡೆಯಿಂದ ಬೆಂಗಳೂರು, ಪುಣೆ, ಗೋವಾಗಳಿಗೆ ಗುಳೆ ಹೋಗುವುದನ್ನು ಇದೇ ಚರಿತ್ರೆಯ ಮುಂದುವರಿಕೆ ಎಂದರೆ, ಬಡತನಕ್ಕೆ ಪರಂಪರೆಯ ಬಣ್ಣ ಹಚ್ಚಿದಂತಾಗುವುದಿಲ್ಲವೇ? ಆಕ್ಷೇಪಗಳಲ್ಲೆಲ್ಲ ಇದೇ ಭಾರವಾದದ್ದು. ಕುರಿಗಾರನ ಪಯಣವನ್ನೂ ಕಟ್ಟಡದ ಕೂಲಿಯ ಪಯಣವನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಅನ್ಯಾಯವಾದೀತು. ಆದರೆ ವ್ಯತ್ಯಾಸ ಎಲ್ಲಿದೆ ಎಂಬುದನ್ನು ಸರಿಯಾಗಿ ಗುರುತಿಸಬೇಕು. ಎರಡರಲ್ಲೂ ಮನೆ ಒಡೆದು ನಿಲ್ಲುತ್ತದೆ, ಎರಡರಲ್ಲೂ ಹಿರಿಯರು ಊರಲ್ಲಿ, ದುಡಿಯುವವರು ಹೊರಗೆ, ಎರಡಕ್ಕೂ ಮುಂಗಾರು ಮರಳುವ ಹೊತ್ತು. ಬೇರೆಯಾಗಿರುವುದು ಗಡುವನ್ನು ಹಿಡಿದಿರುವ ಕೈ. ಮೇಸ್ತ್ರಿ ಕೊಟ್ಟ ಮುಂಗಡ ತೀರುವ ತನಕ ಕೂಲಿಯವನು ಹೊರಡುವಂತಿಲ್ಲ. ಬಿತ್ತನೆಗೆ ಹಸಿ ಬಂದಿದೆ ಎಂಬ ಸುದ್ದಿ ಊರಿಂದ ಬಂದರೂ ಸಾಲದ ಲೆಕ್ಕ ಬಿಡಬೇಕು. ಜೊತೆಗೆ ಹೋದ ಮಗುವಿನ ಶಾಲೆ ನಡುವೆ ತುಂಡಾಗುತ್ತದೆ. ಗುಳೆಯ ಕೇಡು ಊರು ಬಿಡುವುದರಲ್ಲಿ ಇಲ್ಲ; ಎಷ್ಟು ದಿನ ಎಂಬ ತೀರ್ಮಾನ ಕೈಜಾರಿದ್ದರಲ್ಲಿದೆ.

ಈ ಗುರುತು ಸರಿಯಾದರೆ ಪರಿಹಾರದ ದಿಕ್ಕೂ ಬದಲಾಗುತ್ತದೆ. ಗುಳೆ ತಡೆಯುವುದೇ ಗುರಿ ಎಂದುಕೊಂಡ ಯೋಜನೆ ಜನರನ್ನು ಊರಲ್ಲಿ ಕೂರಿಸಲು ನೋಡುತ್ತದೆ. 2005ರ ಉದ್ಯೋಗ ಖಾತರಿ ಕಾನೂನು ಕೊಟ್ಟಿದ್ದ ನೂರು ದಿನದ ಭರವಸೆ ದೊಡ್ಡದೇ ಆಗಿತ್ತು, ಆದರೆ ಮಳೆಯಿಲ್ಲದ ಏಳೆಂಟು ತಿಂಗಳಿಗೆ ನೂರು ದಿನ ಸಾಲುತ್ತಿರಲಿಲ್ಲ. ಆ ದಿನಗಳು ಕಚೇರಿಯ ಅನುಕೂಲಕ್ಕೆ ಬಿದ್ದರೆ ಇನ್ನೂ ಸಾಲುತ್ತಿರಲಿಲ್ಲ. ಬೇಸಿಗೆಯ ಖಾಲಿ ವಾರಗಳಲ್ಲಿ ಕೆಲಸ ಸಿಕ್ಕು, ಕೂಲಿ ಅದೇ ವಾರ ಕೈಗೆ ಬಂದರೆ ಮೇಸ್ತ್ರಿಯ ಮುಂಗಡವನ್ನು ಬೇಡವೆನ್ನುವ ಬಲ ಬರುತ್ತದೆ. ಹೋಗುವವರು ಆಗಲೂ ಹೋದಾರು, ಆದರೆ ತಮ್ಮ ಗಡುವಿಗೆ ಮರಳಿಯಾರು. ಪಡಿತರ ಚೀಟಿ ದೇಶದಲ್ಲಿ ಎಲ್ಲಿಯಾದರೂ ನಡೆಯುವಂತೆ ಮಾಡಿದ್ದು ಈ ದಾರಿಯಲ್ಲಿ ಇಟ್ಟ ಸರಿಯಾದ ಹೆಜ್ಜೆ, ಏಕೆಂದರೆ ಅದು ಹೊರಟವರನ್ನೂ ಊರವರೆಂದೇ ಲೆಕ್ಕ ಹಿಡಿಯುತ್ತದೆ. ಉಳಿದ ಲೆಕ್ಕಗಳೂ ಹಾಗೇ ತಿದ್ದಬೇಕು: ಹಿರಿಯರ ಜೊತೆ ಊರಲ್ಲೇ ಉಳಿಯುವ ಮಕ್ಕಳಿಗೆ ಗುಳೆಯ ತಿಂಗಳುಗಳಿಗೆಂದೇ ವಸತಿ, ಹೋದ ಮಕ್ಕಳಿಗೆ ಹೋದಲ್ಲೇ ಶಾಲೆ, ಮುಂಗಡಕ್ಕೆ ಬರಹದ ದಾಖಲೆ, ತೀರಿಸುವ ಮೊದಲೂ ಬಿತ್ತನೆಗೆ ಮರಳುವ ಹಕ್ಕು. ಬೂದಿದಿಬ್ಬದ ದನಗಾಹಿಯಿಂದ ಕುರಿ ತರುಬುವವನವರೆಗೆ ಈ ನೆಲದವರು ಹೋಗಿಬರುವುದನ್ನು ನಾಚಿಕೆಯೆಂದು ಎಣಿಸಿದವರಲ್ಲ. ಹೋಗುವ ದಿನವನ್ನೂ ಬರುವ ದಿನವನ್ನೂ ತಾವೇ ಎಣಿಸಿದ್ದರಿಂದ ಅವರಿಗೆ ಊರು ಉಳಿಯಿತು. ಇಂದಿನ ಸರ್ಕಾರಗಳು ಅವರಿಗೆ ಮರಳಿಸಬೇಕಾದದ್ದು ಆ ಎಣಿಕೆಯನ್ನೇ.