ವ್ಯಾನಿಗೆ ಯಾವ ಠಾಣೆ? ಕೋವಿ ಪರವಾನಗಿಯ ಹಳೆಯ ಕತೆ

ಮರವಂತೆಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ವ್ಯಾನುಗಳು ಈಗ ಇಲ್ಲೂ ಬಂದು ನಿಲ್ಲುತ್ತವೆ. ಮೊನ್ನೆ ಅಂಥ ಒಂದು ವ್ಯಾನಿನ ಹುಡುಗನನ್ನು ಚಾ ಅಂಗಡಿಯಲ್ಲಿ ಹಿರಿಯರೊಬ್ಬರು ಕೇಳಿದರು: "ರಾತ್ರಿ ಇಲ್ಲೇ ಮನ್ಕಂಬುಕೆ ಹೆದ್ರಿಕಿ ಆತಿಲ್ಯಾ? ಒಂದ್ ಕೋವಿ ಇಟ್ಕಂಡ್ರೆ ಆತಿಲ್ಯಾ ಮಾರಾಯಾ?" ಹುಡುಗ ನಕ್ಕು ಸುಮ್ಮನಾದ. ನಾನು ಮನೆಗೆ ಬಂದು ಕಾಯ್ದೆ ಪುಸ್ತಕ ತೆಗೆದೆ.

1857ರ ದಂಗೆಯ ಹೊತ್ತಿಗೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಅದೇ ವರ್ಷ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಆ ಲಾವಣಿಯನ್ನು ಶಾಲೆಯಲ್ಲಿ ಓದಿದ್ದೇವೆ. ಜಗಳ ಶುರುವಾದದ್ದು ಆಯುಧ ಒಪ್ಪಿಸುವ ಹುಕುಮಿನಿಂದ ಎಂಬುದು ಮಾತ್ರ ಮರೆತೇ ಹೋಗುತ್ತದೆ.

ಕೊಡಗಿನಲ್ಲಿ ನಡೆದದ್ದು ಇದರ ಉಲ್ಟಾ. ದಂಗೆಯಲ್ಲಿ ಸೇರಲಿಲ್ಲವೆಂದು ಮೆಚ್ಚಿ 1861ರಲ್ಲಿ ಅವರಿಗೆ ವಿನಾಯಿತಿ ಕೊಟ್ಟರು. ಅದು ಇವತ್ತಿಗೂ ಇದೆ; 2019ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇನ್ನೂ 10 ವರ್ಷ ಮುಂದುವರಿಸಿತು. ಆ ವಿನಾಯಿತಿಯಲ್ಲಿ ಪ್ರಯಾಣದ ಲೆಕ್ಕವೂ ಉಂಟು: ಕೊಡಗಿನ ಹೊರಗೆ ಹೋಗುವಾಗ ಒಂದು ರೈಫಲ್ಲಿಗೆ 100 ಗುಂಡು, ಒಂದು ತೋಟಾ ಕೋವಿಗೆ 500 ತೋಟಾ, ಅಷ್ಟೇ.

ಉಳಿದವರಿಗೆ 1878ರ ಕಾಯ್ದೆ ಬಂತು. ಪರವಾನಗಿ ಇಲ್ಲದೆ ಆಯುಧ ಹಿಡಿದು ತಿರುಗುವಂತಿಲ್ಲ. ಯುರೋಪಿಯನ್ನರಿಗೆ ವಿನಾಯಿತಿ. ಅಂದರೆ ಅದೇ ಘಾಟಿಯಲ್ಲಿ ದೊರೆ ಕೋವಿ ಹಿಡಿದು ಹೋಗಬಹುದಿತ್ತು, ಗಾಡಿ ಹೊಡೆಯುವವನಿಗೆ ಇಲ್ಲ.

ನಮ್ಮ ಕಡೆ ಘಟ್ಟದ ಬುಡದ ಮನೆಗಳಲ್ಲಿ ಕೋವಿ ಇರುವುದು ಹಂದಿ, ಮಂಗನ ಕಾಟಕ್ಕೆ. ಬೆಳೆ ರಕ್ಷಣೆಯ ಆ ಪರವಾನಗಿ ಜಮೀನಿಗೆ ಅಂಟಿಕೊಂಡದ್ದು, ಬೀಚಿಗೆ ತರುವುದಕ್ಕಲ್ಲ. ಚುನಾವಣೆ ಬಂದರೆ ಅದನ್ನೂ ಠಾಣೆಗೆ ಒಪ್ಪಿಸಬೇಕು. ಗೋಣಿ ಸುತ್ತಿದ ಕೋವಿ ಹಿಡಿದು ಕೃಷಿಕರು ಠಾಣೆಯ ಎದುರು ನಿಲ್ಲುವುದನ್ನು ವರದಿಗೆ ಹೋದಾಗ ನೋಡಿದ್ದೇನೆ. ಅಷ್ಟು ದಿನ ಹಂದಿಗೆ ಹಬ್ಬ.

ಈಗ ನಡೆಯುತ್ತಿರುವುದು 1959ರ ಕಾಯ್ದೆ. ಜಾರಿಗೆ ಬಂದದ್ದು 1962ರಲ್ಲಿ. ಆತ್ಮರಕ್ಷಣೆಗೆ ಪರವಾನಗಿ ಕೇಳಬಹುದು. ಆದರೆ ಅರ್ಜಿ ಹಾಕಿದ ಮೇಲೆ ಹತ್ತಿರದ ಠಾಣೆಯಿಂದ ವರದಿ ಬರಬೇಕು. ಇವತ್ತು ಮರವಂತೆ, ನಾಳೆ ಗೋಕರ್ಣ, ನಾಡಿದ್ದು ಗೋವಾ ಎನ್ನುವ ವ್ಯಾನಿಗೆ ಹತ್ತಿರದ ಠಾಣೆ ಯಾವುದು? ಪರವಾನಗಿ ಸಿಕ್ಕಿದರೂ ಅದು ಯಾವ ಪ್ರದೇಶಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ. ರಾಜ್ಯದ ಗಡಿ ದಾಟುವ ಮೊದಲು ಅದನ್ನು ಓದಲೇಬೇಕು.

ಜೊತೆಯಲ್ಲಿ ತಿರುಗುವವರು 35ನೇ ಕಲಮನ್ನು ತಿಳಿದಿರಬೇಕು. ಹಲವರು ಸೇರಿ ಬಳಸುವ ವಾಹನದಲ್ಲಿ ಪರವಾನಗಿ ಇಲ್ಲದ ಕೋವಿ ಸಿಕ್ಕಿದರೆ, ಅದು ಅಲ್ಲಿರುವುದು ಗೊತ್ತಿತ್ತು ಎಂದು ನಂಬಲು ಕಾರಣವಿರುವ ಪ್ರತಿಯೊಬ್ಬರ ಮೇಲೂ ಕೇಸು. ಗೊತ್ತಿರಲಿಲ್ಲವೆಂದು ಸಾಬೀತು ಮಾಡುವ ಹೊಣೆ ಅವರದ್ದೇ. 2019ರ ತಿದ್ದುಪಡಿಯ ಮೇಲೆ ಪರವಾನಗಿ ಇಲ್ಲದ ಕೋವಿಗೆ ಸಾಮಾನ್ಯವಾಗಿ 2ರಿಂದ 5 ವರ್ಷ ಜೈಲು.

ಇದನ್ನೆಲ್ಲ ಹೇಳಿದಾಗ ಚಾ ಅಂಗಡಿಯ ಹಿರಿಯರು, "ಹಂಗಾರೆ ದೊಣ್ಣೆ?" ಎಂದರು. ಅದಕ್ಕೆ ಪರವಾನಗಿ ಬೇಡ. ಲಾಠಿ, ಊರುಗೋಲನ್ನು 1959ರ ಕಾಯ್ದೆ ಆಯುಧವೆಂದು ಎಣಿಸಿಲ್ಲ.