ಬುಶೆಲ್ ಕಲ್ಲಿದ್ದಲಿನ ಲೆಕ್ಕ: ಕಾರ್ನ್‌ವಾಲಿನ ಎಂಜಿನ್ ವರದಿಗಳ ಮರುಪರಿಶೀಲನೆ

ಇಂಧನ ಮಿತವ್ಯಯದ ಚರಿತ್ರೆ ಬರೆಯುವವರು ಬಹುಮಟ್ಟಿಗೆ ಅರ್ಥಶಾಸ್ತ್ರಜ್ಞ ಜೆವನ್ಸ್‌ನ 'ದಿ ಕೋಲ್ ಕ್ವೆಶ್ಚನ್' (1865) ಗ್ರಂಥದ ಒಂದು ಪಟ್ಟಿಯನ್ನೇ ಆಶ್ರಯಿಸುತ್ತಾರೆ. ಗಣಿಯ ನೀರೆತ್ತುವ ನ್ಯೂಕಾಮೆನ್‌ನ ಹಳೆಯ ಎಂಜಿನ್, ಸ್ಮೀಟನ್‌ನದು, ವಾಟ್‌ನದು, ಆಮೇಲೆ ಕಾರ್ನ್‌ವಾಲಿನವರದು: ಒಂದು ಬುಶೆಲ್ ಕಲ್ಲಿದ್ದಲು ಮಾಡಿದ ಕೆಲಸ ಒಂದೇ ಸಾಲಿನಲ್ಲಿ ಏರುತ್ತ ಹೋಗುತ್ತದೆ. ಏರಿಕೆ ನಡೆದದ್ದು ನಿಜ. ಆದರೆ ಆ ಅಂಕಿಗಳನ್ನೆಲ್ಲ ಒಂದೇ ಕೋಲಿನಿಂದ ಅಳೆದದ್ದೆಂದು ಓದುವುದನ್ನು ಒಪ್ಪಲಾಗದು. ಅವು ಹುಟ್ಟಿದ್ದು ಗಣಿಯ ಖರ್ಚುವೆಚ್ಚದ ಪುಸ್ತಕದಲ್ಲಿ.

ಕಾರ್ನ್‌ವಾಲಿನಲ್ಲಿ ತಾಮ್ರವಿತ್ತು, ಕಲ್ಲಿದ್ದಲಿರಲಿಲ್ಲ. ಅದಿರು ಕರಗಲು ಹಡಗಿನಲ್ಲಿ ಸ್ವಾನ್‌ಸೀಗೆ ಹೋಗುತ್ತಿತ್ತು. ಕಲ್ಲಿದ್ದಲು ಆ ವೇಲ್ಸ್ ಕರಾವಳಿಯಿಂದಲೇ ಬರುತ್ತಿತ್ತು. ಹಾಗಾಗಿ ಉಳಿಸಿದ ಪ್ರತಿ ಬುಶೆಲ್ಲಿಗೂ ಬೆಲೆಯಿತ್ತು. ಬೌಲ್ಟನ್ ಮತ್ತು ವಾಟ್ ಪಾಲುದಾರರು ಕೇಳಿದ್ದೂ ಹಳೆಯ ಎಂಜಿನ್ನಿಗೆ ಹೋಲಿಸಿದರೆ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲನ್ನು. ಈ ಪಾಲು ಕಟ್ಟಲು ಎಂಜಿನ್ ಎಷ್ಟು ಸಲ ಆಡಿತೆಂದು ಗೊತ್ತಾಗಬೇಕು. ಅದಕ್ಕಾಗಿ ಎಂಜಿನ್ನಿನ ತೊಲೆಯ ಮೇಲೆ ಬೀಗ ಹಾಕಿದ ಪುಟ್ಟ ಪೆಟ್ಟಿಗೆ. ತೊಲೆ ವಾಲಿದಾಗ ಒಳಗಿನ ಲೋಲಕ ಓಲಾಡಿ ಹಲ್ಲುಗಾಲಿಯನ್ನು ಮುಂದೆ ತಳ್ಳುತ್ತಿತ್ತು.

1800ರಲ್ಲಿ ವಾಟ್‌ನ ಪೇಟೆಂಟ್ ಮುಗಿಯಿತು. ಪಾಲು ಕಟ್ಟುವುದು ನಿಂತ ಮೇಲೆ ಎಂಜಿನ್ನುಗಳ ಮೇಲಿನ ಕಣ್ಗಾವಲೂ ಸಡಿಲವಾಯಿತು. 1811ರಲ್ಲಿ ಗಣಿ ಮೇಲ್ವಿಚಾರಕ ಜೋಯೆಲ್ ಲೀನ್ ಎಂಜಿನ್ನುಗಳ 'ಡ್ಯೂಟಿ'ಯನ್ನು ತಿಂಗಳು ತಿಂಗಳೂ ಪ್ರಕಟಿಸತೊಡಗಿದ. ಒಂದು ಬುಶೆಲ್ ಉರಿಸಿ ಎಷ್ಟು ಪೌಂಡು ನೀರನ್ನು ಒಂದಡಿ ಎತ್ತಿತು ಎಂಬುದೇ ಡ್ಯೂಟಿ.

ತಕರಾರಿನ ಜಾಗ ಇದೇ. ಮೇಲೆ ಬಂದ ನೀರನ್ನು ಅಳೆದು ಈ ಅಂಕಿ ಕಟ್ಟಿದ್ದಲ್ಲ. ಪಂಪಿನ ವ್ಯಾಸ, ಆಟದ ಉದ್ದ, ಎತ್ತುವ ಎತ್ತರ, ಪೆಟ್ಟಿಗೆ ತೋರಿಸಿದ ಎಣಿಕೆ ಇವನ್ನು ಗುಣಿಸುತ್ತಿದ್ದರು. ಪಂಪು ಅರೆಬರೆ ತುಂಬಿದರೂ, ಕವಾಟ ಸೋರಿದರೂ ಲೆಕ್ಕದಲ್ಲಿ ಅದು ತುಂಬಿದ ಪಂಪೇ. ಇನ್ನು ಬುಶೆಲ್: ಒಂದು ಕಡೆ 84 ಪೌಂಡು, ಕಾರ್ನ್‌ವಾಲಿನ ವರದಿಗಳಲ್ಲಿ 94. ಎಂಜಿನ್ನಿನ ಒಂದು ಮೊಳೆಯನ್ನೂ ಮುಟ್ಟದೆ ಡ್ಯೂಟಿ ಸುಮಾರು ಶೇಕಡಾ 12ರಷ್ಟು ಏರುತ್ತದೆ! (ಕಲ್ಲಿದ್ದಲಿನ ಗುಣದ ವ್ಯತ್ಯಾಸ ಇದರ ಮೇಲಿನದು.) ಈ ಅಂಕಿಗಳಿಂದ ವರ್ಷಕ್ಕಿಷ್ಟು ಶೇಕಡಾ ಪ್ರಗತಿ ಎಂದು ದಶಾಂಶದವರೆಗೆ ಲೆಕ್ಕ ಹಾಕುವವರು ಅಡಿಟಿಪ್ಪಣಿಯಲ್ಲಾದರೂ ಇದನ್ನು ಹೇಳಬೇಕಿತ್ತು.

ಹಾಗೆಂದು ಲೀನ್ ವರದಿಯನ್ನೇ ಮೂಲೆಗೆ ಎಸೆಯುವವರ ಪಕ್ಷ ನನ್ನದಲ್ಲ. 1835ರಲ್ಲಿ ಫೋಯಿ ಕಾನ್ಸೊಲ್ಸ್ ಗಣಿಯ ಎಂಜಿನ್ ಒಂದು ಪರೀಕ್ಷೆಯಲ್ಲಿ 12.5 ಕೋಟಿ ಡ್ಯೂಟಿ ತೋರಿಸಿದ್ದನ್ನು ಹಿಡಿದು ಎಲ್ಲವೂ ಉತ್ಪ್ರೇಕ್ಷೆ ಎನ್ನುವುದು ಸೋಮಾರಿತನ. ಒಂದೇ ಕ್ರಮದ ಎಣಿಕೆ ಎಲ್ಲ ಗಣಿಗಳಿಗೂ ಅನ್ವಯಿಸಿದ್ದರಿಂದ, ಆ ತಿಂಗಳು ಯಾರ ಎಂಜಿನ್ ಹೆಚ್ಚು ಉರಿಸಿತೆಂದು ಪಕ್ಕದ ಗಣಿಯವರಿಗೆ ತಿಳಿಯುತ್ತಿತ್ತು. ಮಾಲೀಕರಿಗೆ ಬೇಕಿದ್ದದ್ದೂ ಅಷ್ಟೆ. ತಿಂಗಳಿಂದ ತಿಂಗಳಿಗೆ ಈ ಅಂಕಿ ನಂಬಿಕೆಗೆ ಅರ್ಹ. ಶತಮಾನದಿಂದ ಶತಮಾನಕ್ಕೆ ಅಲ್ಲ.

ಕಾರ್ನ್‌ವಾಲಿನ ಎಂಜಿನಿಯರುಗಳು ಅರಿವನ್ನು ಬಚ್ಚಿಡದೆ ಹಂಚಿಕೊಂಡದ್ದೇ ಪ್ರಗತಿಗೆ ಕಾರಣ ಎಂಬ ನುವೊಲಾರಿಯ (2004) ವಾದದ ಜೊತೆ ನಾನಿದ್ದೇನೆ. ಆದರೆ ದೂರದಿಂದ ತರಿಸಿದ ಕಲ್ಲಿದ್ದಲಿನ ಬಿಲ್ಲನ್ನು ಆ ಚಿತ್ರಕ್ಕೆ ಸೇರಿಸಲೇಬೇಕು. ಕಲ್ಲಿದ್ದಲ ಗಣಿಗಳಲ್ಲಿ, ಮಾರಲಾಗದ ಪುಡಿಯನ್ನೇ ಉರಿಸುತ್ತ ನ್ಯೂಕಾಮೆನ್ ಎಂಜಿನ್ನುಗಳು ಬಹುಕಾಲ ಓಡಿದವು.

ಕಾರ್ನ್‌ವಾಲಿನ ಕನ್ಸಾಲಿಡೇಟೆಡ್ ಗಣಿಗಳನ್ನು ನಡೆಸಿದ ಜಾನ್ ಟೇಲರ್‌ನ ವಂಶದ ಸಂಸ್ಥೆಯೇ ಮುಂದೆ ಕೋಲಾರದ ಚಿನ್ನದ ಗಣಿಗಳ ಆಡಳಿತ ವಹಿಸಿಕೊಂಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಅಲ್ಲಿಗೆ ತಲುಪಿತು. ಅದಕ್ಕೆ ಮುಂಚಿನ ಕೋಲಾರದ ಉಗಿ ಎಂಜಿನ್ನುಗಳ ಲೆಕ್ಕಪತ್ರ ಓದಲು ಹೊರಡುವ ತರುಣ ಸಂಶೋಧಕರು, ಡ್ಯೂಟಿಯ ಅಂಕಿ ಬರೆದುಕೊಳ್ಳುವ ಮೊದಲು ಅದು ಯಾವ ತೂಕದ, ಯಾವ ಎಣಿಕೆಯ ಅಂಕಿ ಎಂಬುದನ್ನು ಪಕ್ಕದಲ್ಲೇ ಬರೆದುಕೊಳ್ಳಲಿ.